ಅತ್ತೆಯ ಮಾರ್ಷ್‌ಮೆಲೊ ಪ್ರಯೋಗಗಳು

ನಮ್ಮ ಸೋದರತ್ತೆಯ ಕಣ್ಣಿಗೆ ಬೀಳದಂತೆ ಛತ್ರಿ ಬಚ್ಚಿಡಬೇಕಿತ್ತು ಎಂದರೆ ನಂಬುತ್ತೀರಾ? ಬೇಡ, ನಂಬಬೇಡಿ! ಆದರೆ ನಮ್ಮಪ್ಪ ಒಂದು ಮಳೆಗಾಲವಿಡೀ ಗೋಣಿಚೀಲ ಹೊದ್ದು ಓಡಾಡಿದ್ದಂತೂ ಸತ್ಯ.

ಅತ್ತೆ ಆಗ ಮಗಳೊಂದಿಗೆ ಬಂಗಾರಪೇಟೆಯ ನಮ್ಮ ಮನೆಯಲ್ಲೇ ಇದ್ದಳು. ದಿನಾ ರೈಲು ಹತ್ತಿ ಚಿನ್ನದ ಗಣಿಯ ಊರಾದ ಕೋರಮಂಡಲ್‌ಗೆ ಹೋಗಿ, ಬಿಳಿ ದೊರೆಯೊಬ್ಬರ ಬಂಗಲೆಯಲ್ಲಿ ಆಯಾ ಕೆಲಸ ಮಾಡಿ ಬರುತ್ತಿದ್ದಳು. ದೊರೆಸಾನಿ ಹಡಗು ಹತ್ತಿ ತನ್ನ ಸೀಮೆಗೆ ಹೊರಟಾಗ ಅತ್ತೆಯ ಕೈಗೆ ಒಂದು ದೊಡ್ಡ ಡಬ್ಬ ಕೊಟ್ಟಳು. ಒಳಗೆ ಬೆಳ್ಳಗೆ, ಮೆತ್ತಗೆ, ಅದುಮಿದರೆ ಮತ್ತೆ ಉಬ್ಬುವ ತುಂಡುಗಳು. ಹೆಸರು ಮಾರ್ಷ್‌ಮೆಲೊ. ಅತ್ತೆಯ ಬಾಯಲ್ಲಿ ಮಾಸುಮಲ್ಲಿ!

"ಇದೇನಕ್ಕಾ, ದಿಂಬಿನ ಅತ್ತಿ ಇದ್ದಂಗೈತೆ?" ಅಂದ ಅಪ್ಪ.

"ತಿನ್ನೋದು ಕಣ್ಲಾ! ಬೆಂಕಿಗೆ ಹಿಡಿದ್ರೆ ಕೆಂಪಗಾಯ್ತದೆ. ದೊರೆ ಮಕ್ಳಿಗೆ ನಾನೇ ಸುಟ್ಟು ಕೊಡ್ತಿದ್ದೆ."

ಸುಡಲು ಉದ್ದನೆಯ ಕಡ್ಡಿ ಬೇಕಲ್ಲ? ಅಪ್ಪನ ಛತ್ರಿಯ ಕಡ್ಡಿ ಕಿತ್ತಳು! ಹುಣಸೆಹಣ್ಣು ಹಾಕಿ ಉಜ್ಜಿ, ಮಾಸುಮಲ್ಲಿ ಚುಚ್ಚಿ, ಇದ್ದಲ ಒಲೆಗೆ ಹಿಡಿದಳು. ಅದು ಭಗ್ಗನೆ ಹೊತ್ತಿಕೊಂಡಿತು. ಆರಿಸಲು ಕಡ್ಡಿಯನ್ನು ಬೀಸಿದ್ದೇ ತಡ, ಉರಿಯುವ ಉಂಡೆ ಹಾರಿಹೋಗಿ, ಒಣಹಾಕಿದ್ದ ಅಪ್ಪನ ಬನಿಯನ್ನಿಗೆ ಅಂಟಿ ತೂತು ಮಾಡಿತು.

"ಒಳ್ಳೇದೇ ಆಯ್ತು ಬುಡು, ಗಾಳಿ ಆಡ್ತದೆ," ಅಂದಳು ಅತ್ತೆ.

ಆಮೇಲೆ ಕೇಳಬೇಕೆ! ಬಿಸಿ ರಾಗಿರೊಟ್ಟಿಯ ನಡುವೆ ಸುಟ್ಟ ಮಾಸುಮಲ್ಲಿ. ಹುರಿದ ಕಡಲೆಬೀಜದ ಪುಡಿಯಲ್ಲಿ ಹೊರಳಿಸಿದ ಮಾಸುಮಲ್ಲಿ. ಬಾಳೆಹಣ್ಣು ಸೀಳಿ, ಒಳಗೆ ತುಂಬಿ, ಸಿಪ್ಪೆಸಮೇತ ಕೆಂಡದ ಮೇಲಿಟ್ಟದ್ದಂತೂ, ಆಹಾ! ಬೀದಿಯ ನಾಯಿಗಳೆಲ್ಲ ನಮ್ಮ ಬಾಗಿಲಲ್ಲಿ!

ಅಷ್ಟರಲ್ಲಿ ಆಂಡರ್ಸನ್‌ಪೇಟೆಯಿಂದ ಅತ್ತೆಯ ಮಗಳನ್ನು ನೋಡಲು ಗಂಡಿನವರು ಬಂದರು.

"ಬೋಂಡ ಮಾಡಕ್ಕಾ, ಕಾಲಿಗೆ ಬೀಳ್ತೀನಿ," ಅಂದ ಅಪ್ಪ.

"ಬೋಂಡ ಎಲ್ರೂ ಮಾಡ್ತಾರೆ!"

ತಟ್ಟೆಯಲ್ಲಿ ಬಿಸಿಬಿಸಿ ಮಾಸುಮಲ್ಲಿ ಬಂತು. ಗಂಡಿನ ತಂದೆಗೆ ಪೊದೆಯಂಥ ಮೀಸೆ. ಕಚ್ಚಿ ಎಳೆದರು, ಎಳೆ ಬಂತು. ಇನ್ನಷ್ಟು ಎಳೆದರು, ಇನ್ನಷ್ಟು ಉದ್ದವಾಯಿತು! ಗಾಬರಿಯಿಂದ ಟವೆಲಿನಲ್ಲಿ ಒರೆಸಿಕೊಂಡರೆ, ಟವೆಲೇ ಮೀಸೆಗೆ ಅಂಟಬೇಕೆ?

"ಅಲ್ಲಾಡ್ಬೇಡ ಕಣಪ್ಪಾ!" ಎಂದು ಮಗ ಟವೆಲಿನ ತುದಿ ಹಿಡಿದು ಎಳೆಯತೊಡಗಿದ.

ಬಾಗಿಲ ಹಿಂದಿನಿಂದ ಕಿಸಕ್ಕನೆ ನಗು! ಆಮೇಲೆ ತಡೆಯಲಾರದ ಗೊಳ್ಳೆಂಬ ನಗು. ನಕ್ಕಿದ್ದು ಮದುವಣಗಿತ್ತಿಯಾಗಬೇಕಿದ್ದ ಅತ್ತೆಯ ಮಗಳು, ನಮ್ಮಕ್ಕ! ಅಪ್ಪ ತಲೆ ಮೇಲೆ ಕೈ ಹೊತ್ತ. ಸಂಬಂಧ ಮುರಿಯಿತು ಅಂತಲೇ ನಾನೂ ಅಂದುಕೊಂಡೆ. ಆದರೆ ಗಂಡು, ಟವೆಲು ಕೈಯಲ್ಲಿದ್ದಂತೆಯೇ ಬಾಗಿಲ ಕಡೆ ತಿರುಗಿ ನಕ್ಕುಬಿಟ್ಟ. ಅವನ ತಂದೆ ಅರ್ಧ ಬೆಳ್ಳಗಾದ ಮೀಸೆ ಸವರುತ್ತ, "ಇನ್ನೊಂದು ಕೊಡಿ. ಈ ಸಲ ಬಾಯಿಗೇ ಆಕ್ಕಂತೀನಿ," ಅಂದರು. ಎರಡನೆಯದು ಮುಗಿಯುವಷ್ಟರಲ್ಲಿ ಮಾತುಕತೆಯೂ ಮುಗಿಯಿತು.

ನಾನು ಒಳಗೆ ಓಡಿದೆ. "ಅತ್ತೇ, ಒಪ್ಪಿದ್ರು!"

ಅತ್ತೆ ಒಲೆಯ ಮುಂದೆ ಅಲುಗಾಡದೆ ಕುಳಿತಿದ್ದಳು. ಕಡ್ಡಿಯ ತುದಿಯಲ್ಲಿದ್ದದ್ದು ಕರಕಲಾಗುತ್ತಿತ್ತು, ಅವಳಿಗೆ ಅದರ ಪರಿವೆಯೇ ಇಲ್ಲ.

"ಅದಿರ್ಲಿ. ಅವಳು ನಕ್ಕಿದ್ದು ಕೇಳಿಸ್ತೇನೇ?"

ನನಗೆ ಆಗ ಹೊಳೆಯಿತು. ಅಕ್ಕನ ಅಪ್ಪ, ನಮ್ಮ ಮಾವ, ಗಣಿಯೊಳಗೆ ತೀರಿಕೊಂಡು ವರ್ಷದ ಮೇಲಾಗಿತ್ತು. ಅಂದಿನಿಂದ ಅಕ್ಕ ನಕ್ಕದ್ದನ್ನು ನಾವು ಯಾರೂ ಕೇಳಿರಲಿಲ್ಲ.

"ಕೇಳಿಸ್ತು ಅತ್ತೆ. ಗಂಡಿನವ್ರು..."

ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಸುಮ್ಕಿರು. ಇನ್ನೂ ನಗ್ತಾವ್ಳೆ, ಕೇಳು."