ಟೈಪಕ್ಕನ ಹೊಸ ಮೆಮೊರಿ

ಬಟ್ಟೆ ಜಾಲಿಸಲು ಬಕೆಟ್ಟಿಗೆ ನಲ್ಲಿ ಬಿಟ್ಟಿದ್ದಷ್ಟೆ, ಫೋನು ಬಡಿದುಕೊಂಡಿತು. ಟೈಪಕ್ಕ ನೊರೆಗೈಯಲ್ಲೇ ಎತ್ತಿಕೊಂಡಳು. ಮನೆಯಲ್ಲೇ ಕೂತು ಪ್ರೆಸ್ಸಿಗೆ ಅಕ್ಷರ ಜೋಡಿಸಿಕೊಡುವ ಅವಳಿಗೆ ಬೀದಿಯವರು ಇಟ್ಟ ಹೆಸರು ಅದು.

ಆ ಕಡೆ ಪ್ರೆಸ್ಸಿನ ಯಜಮಾನರು. "ನಾಲ್ಕು ಗಂಟೆಗೆ ಬರ್ತೀನಮ್ಮ. ಒಂಬೈನೂರು ಪುಟದ ನಿಘಂಟು. ಆ ಫೈಲು ನಿಮ್ಮ ಕಂಪ್ಯೂಟರಲ್ಲಿ ತೆರೆದುಕೊಂಡ್ರೆ ಕೆಲಸ ನಿಮ್ದು. ಹೋದ ಸಲದ ಹಾಗೆ ಅದು ಹೊಸ್ತಿಲಲ್ಲಿ ಮಲಗಿದ ಎಮ್ಮೆ ತರ ಆಡಿದ್ರೆ ಮಾತ್ರ ನನ್ನ ಬೈಬೇಡಿ."

ಒಂದು ವರ್ಷದ ಕೆಲಸ. ಬಿಟ್ಟರೆ ಮತ್ತೆ ಅದೇ ಕರಪತ್ರ, ಅದೇ ರಸೀದಿ ಪುಸ್ತಕ. ಎಮ್ಮೆಯನ್ನು ಎಬ್ಬಿಸುವ ಮದ್ದು ಮೂರು ದಿನದಿಂದ ಮನೆಯಲ್ಲೇ ಇತ್ತು: ಬೆರಳಷ್ಟು ಉದ್ದದ ಹಸಿರು ಮೆಮೊರಿ ಪಟ್ಟಿ, ಪುಟ್ಟ ಡಬ್ಬಿಯಲ್ಲಿ. "ಅಂಗಡಿಗೆ ಕೊಟ್ಟುಬಿಡೇ," ಎಂದಿದ್ದ ಗಂಡ. "ನಾಲ್ಕು ಸ್ಕ್ರೂ ಬಿಚ್ಚೋಕೆ ಅಂಗಡಿ ಯಾಕ್ರೀ, ನಾನೇ ಹಾಕ್ತೀನಿ," ಎಂದಿದ್ದಳು ಇವಳು. ಆಡಿದ ಮೇಲೆ ಮಾಡಲೇಬೇಕು.

ನೆಲಕ್ಕೆ ಪತ್ರಿಕೆ ಹಾಸಿ, ಕಂಪ್ಯೂಟರಿನ ಮಗ್ಗುಲು ಬಿಚ್ಚಿ, ಅಂಥದ್ದೇ ಹಸಿರಿನ ಹಳೆಯ ಪಟ್ಟಿ ಕಿತ್ತಿಟ್ಟಳು. ಡಬ್ಬಿಯಿಂದ ಹೊಸದನ್ನೂ ತೆಗೆದು ಪಕ್ಕದಲ್ಲಿಟ್ಟಳು. ಅಷ್ಟರಲ್ಲಿ ಆರು ವರ್ಷದ ಮಗಳು ಗುಬ್ಬಿ, "ಅಮ್ಮಾ, ಬಚ್ಚಲು ನಡುಮನೆಗೆ ಬರ್ತಿದೆ," ಎಂದಳು. ನಲ್ಲಿ ನಿಲ್ಲಿಸಿ, ನೀರು ಬಳಿದು, ಸೊಂಟ ಹಿಡಿದುಕೊಂಡು ಬಂದಾಗ ಪಟ್ಟಿ ಪತ್ರಿಕೆಯ ಮೇಲೆ ಕಾಯುತ್ತಿತ್ತು. ಮಗುವಿನ ಕೆನ್ನೆ ಮುಟ್ಟುವಷ್ಟು ಮೆತ್ತಗೆ ಅದನ್ನು ಕೂರಿಸಿ ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪೀ, ಪೀ, ಪೀ ಎಂದಿತು. ತೆರೆ ಮಾತ್ರ ಕಾಡಿಗೆಯ ಹಾಗೆ ಕಪ್ಪು.

ಆ ಪೀಪಿ ಕೇಳಿ ಮೊದಲು ಬಂದವಳು ಪಕ್ಕದ ಮನೆಯ ನರ್ಸಕ್ಕ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು. "ನಮ್ಮ ವಾರ್ಡೇ ಹಿಂದೆ ಬಂತು ಅನ್ಕೊಂಡೆ ಕಣೇ." ಫ್ಯಾನಿಗೆ ಕೈ ಒಡ್ಡಿ, ತೆರೆಯನ್ನು ಬಗ್ಗಿ ನೋಡಿ ಹೇಳಿದಳು: "ಉಸಿರಾಟ ಇದೆ. ಪ್ರಜ್ಞೆ ಇಲ್ಲ."

"ಅಮ್ಮಾ, ಒಂದು ಕೇಳ್ಲಾ?" ಎಂದಳು ಗುಬ್ಬಿ.

"ಆಮೇಲೆ ಕಂದ."

ಎದುರು ಮನೆಯ ರೇಡಿಯೊ ತಾತ ಸ್ಕ್ರೂಡ್ರೈವರ್ ಸಮೇತ ಹಾಜರಾದರು. ರೇಡಿಯೊ ರಿಪೇರಿ ಅಂಗಡಿ ಮುಚ್ಚಿ ಇಪ್ಪತ್ತು ವರ್ಷವಾಗಿದ್ದರೂ ಕೈಯ ತುರಿಕೆ ಹೋಗಿರಲಿಲ್ಲ. "ಸರಿ ತಾಯಿ. ಮೊದಲು ಒಂದು ಏಟು ಕೊಡೋಣ."

"ತಾತ, ಇದು ರೇಡಿಯೊ ಅಲ್ಲ."

"ಏಟಿಗೆ ಜಾತಿ ಇಲ್ಲ ಮಗಳೇ," ಎಂದು ತಾತ ಪೆಟ್ಟಿಗೆಯ ನೆತ್ತಿಗೆ ಕೊಟ್ಟೇಬಿಟ್ಟರು. ಪೀಪಿ ಮೂರಿದ್ದದ್ದು ಎಂಟಾಯಿತು.

"ನೋವಿಗೆ ಸ್ಪಂದಿಸ್ತಿದೆ," ಎಂದಳು ನರ್ಸಕ್ಕ.

ಮಧ್ಯಾಹ್ನದ ಹೊತ್ತಿಗೆ ತಾತ ಫ್ಯಾನು, ಡಿಸ್ಕು, ತಂತಿ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ್ದರು. ಮೂರು ಸ್ಕ್ರೂ ಮಿಕ್ಕಿದ್ದವು. "ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿರ್ತಾರೆ," ಎಂದು ಅವನ್ನು ಜೇಬಿಗಿಳಿಸಿದರು. ಪಟ್ಟಿಯ ಹಲ್ಲಿಗೆ ಕೊಳೆ ಹಿಡಿದಿದೆ, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಬೇಕು ಎಂದೂ ಅಪ್ಪಣೆಯಾಯಿತು. ಟೈಪಕ್ಕ ಗುಬ್ಬಿಯ ಕಂಪಾಸ್ ಡಬ್ಬಿಯಿಂದ ಆನೆ ರಬ್ಬರು ಎತ್ತಿಕೊಂಡಳು. ಉಜ್ಜಿ ಉಜ್ಜಿ ಆನೆಯ ಸೊಂಡಿಲು ಸವೆಯಿತು.

"ತೆಗೆದದ್ದನ್ನ ತೆಗೆದ ಡಬ್ಬಿಗೇ ಇಡ್ಬೇಕು ಅಂತ ನೀನೇ ಹೇಳೋದು," ಎಂದಳು ಗುಬ್ಬಿ. "ಅಮ್ಮಾ, ಈಗ ಕೇಳ್ಲಾ?"

"ನಿನ್ನ ರಬ್ಬರು ವಾಪಸ್ ಕೊಡ್ತೀನಿ ನನ್ನ ಬಂಗಾರ. ನಾಲ್ಕು ಗಂಟೆ ಆಗ್ಲಿ."

ಮೂರೂವರೆ. "ಯಜಮಾನರಿಗೆ ಇನ್ನೊಂದು ದಿನ ಬನ್ನಿ ಅಂತ ಹೇಳೇ," ಎಂದಳು ನರ್ಸಕ್ಕ. ಟೈಪಕ್ಕ ಹಲ್ಲು ಕಚ್ಚಿದಳು. "ಬರಲಿ ಅಕ್ಕ. ಇವತ್ತು ಇದಾದರೂ ಇರಬೇಕು, ನಾನಾದರೂ ಇರಬೇಕು."

ಆಗ ಮಗಳ ಊಟದ ಡಬ್ಬಿ ಕಣ್ಣಿಗೆ ಬಿತ್ತು. ಅದರ ಮುಚ್ಚಳ ಎರಡೂ ಕಡೆ ಟಕ್ ಎನ್ನುವ ತನಕ ಒತ್ತದಿದ್ದರೆ ಸಾರು ಚೀಲಕ್ಕೇ. ಮುರಿದೀತೆಂದು ಬೆಳಗಿನಿಂದ ಹೆದರಿ ಹೆದರಿ ಪಟ್ಟಿ ಕೂರಿಸಿದ್ದಳು. ಈಗ ಎರಡು ಹೆಬ್ಬೆರಳು ಇಟ್ಟು, ಉಸಿರು ಬಿಗಿಹಿಡಿದು ಒತ್ತಿದಳು. ಟಕ್. ಇನ್ನೊಂದು ಕಡೆ, ಟಕ್.

ತೆರೆ ಬೆಳಗಿತು.

"ಪ್ರಜ್ಞೆ ಬಂತು," ಎಂದಳು ನರ್ಸಕ್ಕ, ಕಣ್ಣೊರೆಸಿಕೊಂಡು. "ನನ್ನ ಏಟು ನಿಧಾನಕ್ಕೆ ಕೆಲಸ ಮಾಡುತ್ತೆ," ಎಂದರು ತಾತ.

ಗಂಟೆ ನಾಲ್ಕಕ್ಕೆ ಸರಿಯಾಗಿ ಯಜಮಾನರು ಬಂದರು. ಟೈಪಕ್ಕ ಅವರ ಕೈಗೆ ಬಿಸಿ ಚಹಾ ಕೊಟ್ಟು ನಿಘಂಟಿನ ಫೈಲು ಒತ್ತಿದಳು. ಯಜಮಾನರು ಒಂದು ಗುಟುಕಿಗೆ ಹತ್ತು ಸಲ ಊದುವವರು. ಊದಿದರು, ಗುಟುಕರಿಸಿದರು, ಮತ್ತೆ ಊದಿದರು. ಲೋಟ ಕೆಳಗಿಡುವ ಹೊತ್ತಿಗೆ ಫೈಲು ತೆರೆದಿತ್ತು.

"ಅರೆ, ಒಂದು ಲೋಟ ಚಹಾ ಮುಗಿಯೋದರೊಳಗೆ."

"ಕುದುರೆ ಆಗಿದೆ ಸ್ವಾಮಿ," ಎಂದರು ತಾತ. "ನಿನ್ನೆಗೂ ಇವತ್ತಿಗೂ ಅಜಗಜಾಂತರ," ಎಂದಳು ನಿನ್ನೆ ಅದನ್ನು ನೋಡಿಯೇ ಇರದ ನರ್ಸಕ್ಕ. ಟೈಪಕ್ಕನಿಗೂ ಹಾಗೇ ಅನ್ನಿಸಿತು. ಬಾಣ ಬಿಟ್ಟ ಹಾಗೆ ಹೋಗುತ್ತಿದೆ.

"ಹೊಸ ಮೆಮೊರಿ ಅಂದ್ರೆ ಸುಮ್ನೇನಾ," ಯಜಮಾನರು ತಲೆದೂಗಿದರು. "ಇಷ್ಟು ಬೇಗ ಓಡೋದಾದ್ರೆ ವರ್ಷ ಯಾಕಮ್ಮ? ಆರು ತಿಂಗಳಿಗೆ ಒಪ್ಪಿಕೊಳ್ಳಿ."

"ಆಯ್ತು, ಆರೇ ತಿಂಗಳು," ಎಂದು ಟೈಪಕ್ಕ ಕಾಗದಕ್ಕೆ ಸಹಿ ಹಾಕಿದಳು. ಕಾಗದ ಯಜಮಾನರ ಚೀಲ ಸೇರಿತು. ಆಮೇಲೆ ನಿರಾಳವಾಗಿ ಮಗಳನ್ನು ಹತ್ತಿರ ಎಳೆದುಕೊಂಡು, ಸೊಂಡಿಲಿಲ್ಲದ ಆನೆಯನ್ನು ಅವಳ ಅಂಗೈಯಲ್ಲಿಟ್ಟಳು. "ತಗೋ ನನ್ನ ಗುಬ್ಬಿ. ಪಾಪ, ಬೆಳಗಿನಿಂದ ಕೇಳ್ತಾ ಇದ್ದೆ."

"ರಬ್ಬರಲ್ಲಮ್ಮ." ಗುಬ್ಬಿ ಬೀರುವಿನ ಕೆಳಗಿನ ಖಾನೆಯಿಂದ ಪುಟ್ಟ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಮುಚ್ಚಳ ತೆಗೆದಳು. ಒಳಗೆ ಬೆರಳಷ್ಟು ಉದ್ದದ ಹಸಿರು ಪಟ್ಟಿ ಜಾಣಮರಿಯಂತೆ ಮಲಗಿತ್ತು.

"ನೀನು ನೀರು ಬಳಿಯೋಕೆ ಹೋದಾಗ, ಇದನ್ನ ತೆಗೆದ ಡಬ್ಬಿಗೇ ಹಾಕಿ ಎತ್ತಿಟ್ಟಿದ್ದೆ. ಈ ಹೊಸದನ್ನ ಯಾವಾಗಮ್ಮ ಹಾಕ್ತೀಯ?"