ಹೊರಗಿನಿಂದಲೇ ಬಚ್ಚಲು ಗುರುತಿಸುವ ವಿದ್ಯೆ

ಕೆಲವರಿಗೆ ಮುಖ ನೋಡಿ ಮನಸ್ಸು ಹೇಳುವ ಚಟ. ನನಗೆ ಹೊರಗೋಡೆ ನೋಡಿ ಮನೆಯೊಳಗೇನಿದೆ ಎಂದು ಹೇಳುವ ಚಟ. ಎಪ್ಪತ್ತರ ದಶಕದಲ್ಲಿ ಮನೆಗಳ ನಕ್ಷೆ ಬರೆಯುವ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಬರೆದ ನಕ್ಷೆಗಳಿಗೆ ಲೆಕ್ಕವಿರಲಿಲ್ಲ, ಯಾವುದು ಎಲ್ಲಿ ಮನೆಯಾಗುತ್ತಿತ್ತೋ ನೆನಪಿಡುತ್ತಿರಲಿಲ್ಲ. ನಮ್ಮ ಬನಶಂಕರಿಯಲ್ಲಿ ಆಗ ಎಲ್ಲಿ ನೋಡಿದರೂ ಇಟ್ಟಿಗೆ, ಮರಳು, ಹೊಸ ಗೋಡೆ. ಸಂಜೆ ಹೆಂಡತಿ ವಿಮಲಳೊಂದಿಗೆ ತಿರುಗಾಡಲು ಹೊರಟರೆ ನನ್ನ ಪಾಠ ಶುರು. "ನೋಡು, ಎತ್ತರದಲ್ಲಿ ಪುಟ್ಟ ಕಿಟಕಿ, ಪಕ್ಕದಲ್ಲಿ ಪೈಪು. ಅದು ಬಚ್ಚಲು. ಅದರ ಬೆನ್ನಿಗೇ ಅಡುಗೆಮನೆ. ನೀರಿನ ಪೈಪು ಎಲ್ಲಾ ಒಂದೇ ಕಡೆ ಇದ್ರೆ ಕಟ್ಟೋರಿಗೆ ಸುಲಭ." ವಿಮಲ ನನ್ನ ಕೈ ಕೆಳಗಿಳಿಸುತ್ತಿದ್ದಳು. "ರೀ, ಬೇರೆಯವರ ಬಚ್ಚಲನ್ನ ರಸ್ತೇಲಿ ನಿಂತು ಬೆರಳು ಮಾಡಿ ತೋರಿಸ್ಬೇಡಿ."

ಈ ವಿದ್ಯೆ ಉಪಯೋಗಕ್ಕೆ ಬರುವ ದಿನವೂ ಬಂತು. ನಮ್ಮೆದುರಿನ ಹೊಸ ಮನೆಗೆ ರಿಟೈರ್ಡ್ ಟೀಚರ್ ಸಾವಿತ್ರಮ್ಮ ಬಂದು ವಾರವಾಗಿತ್ತು, ಒಬ್ಬರೇ ಇದ್ದರು. ಭಾನುವಾರ ಬೆಳಿಗ್ಗೆ ಆ ಮನೆಯೊಳಗಿಂದ ಚೊಂಬಿನಲ್ಲಿ ಬಾಗಿಲು ಬಡಿಯುವ ಸದ್ದು. "ಯಾರಾದ್ರೂ ಬನ್ರಪ್ಪಾ! ಬಚ್ಚಲಲ್ಲಿ ಸಿಕ್ಕಾಕ್ಕೊಂಡಿದೀನಿ. ಸ್ಟೌವ್ ಉರೀತಾ ಇದೆ!" ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಸೀದ ಹಾಲಿನ ವಾಸನೆ ಬೀದಿಗೇ ಬರುತ್ತಿತ್ತು. ಇನ್ನೂ ಸಾಮಾನು ತುಂಬದ ಮನೆಯಲ್ಲಿ ದನಿ ಎಲ್ಲ ಕಡೆಯಿಂದಲೂ ಕೇಳಿಸುತ್ತಿತ್ತು. ಜನ ಕಂಗಾಲಾದರು. ನಾನಾಗಲಿಲ್ಲ.

"ಎಲ್ಲಾ ಈ ಕಡೆ ಬನ್ನಿ," ಎಂದೆ. ಪಕ್ಕದ ಗೋಡೆಯಲ್ಲಿ ಪುಟ್ಟ ಕಿಟಕಿ, ಅದರ ಬದಿಯಲ್ಲಿ ಪೈಪು. ಇನ್ನೇನು ಬೇಕು? ಸುಣ್ಣ ಹೊಡೆಯುವವರ ಏಣಿ ತರಿಸಿ, ಹತ್ತಿ, ಗಾಜಿನ ಪಟ್ಟಿಗಳನ್ನು ಕಿತ್ತು, ತಲೆ ತೂರಿಸಿದೆ. ಒಳಗೆ ವೆಂಕಟರಮಣ, ಲಕ್ಷ್ಮಿ, ಒಂದು ಪುಟ್ಟ ಗಣಪತಿ, ಸಾಲಾಗಿ ನನ್ನನ್ನೇ ನೋಡುತ್ತಿದ್ದರು. ಕಿಟಕಿ ಇದ್ದದ್ದು ಊದುಬತ್ತಿ ಹೊಗೆಗೆ. ಪೈಪು ತಾರಸಿಯ ಮಳೆನೀರಿಗೆ.

"ಏನ್ ಸಾರ್, ಹೇಗಿದಾರೆ?" ಎಂದು ಕೆಳಗಿನಿಂದ ಯಾರೋ ಕೇಳಿದರು.

"ಇಲ್ಲಿ ದೇವರೇ ಇರೋದು," ಎಂದೆ. ಕೆಳಗಿದ್ದ ಹೆಂಗಸೊಬ್ಬರು ಗೊಳೋ ಎಂದು ಅಳಲು ಶುರುಮಾಡಿದರು.

ಸೀದ ವಾಸನೆ ಹಿಂದಿನ ಮೂಲೆಯಿಂದ ಬರುತ್ತಿದೆ. ಅಂದರೆ ಅಡುಗೆಮನೆ ಅಲ್ಲಿ, ಬಚ್ಚಲು ಅದರ ಬೆನ್ನಿಗೆ! ಏಣಿ ಹೊತ್ತು ಹಿತ್ತಲಿಗೆ ಓಡಿದೆ. ಹಿತ್ತಲ ಬಾಗಿಲು ತೆರೆದೇ ಇತ್ತು. ಅದನ್ನು ಸುಮ್ಮನೆ ತಳ್ಳಿಕೊಂಡು ಒಳಗೆ ಹೋದ ವಿಮಲ ಆಗಲೇ ಸ್ಟೌವ್ ಆರಿಸಿ, ನೀರು ಕುಡಿದು ಉಬ್ಬಿದ್ದ ಬಚ್ಚಲ ಬಾಗಿಲಿಗೆ ಭುಜ ಕೊಟ್ಟು ತೆಗೆದಿದ್ದಳು. ಸಾವಿತ್ರಮ್ಮ ಸ್ಟೂಲಿನ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದರು.

"ನೋಡಿದ್ರಾ, ಅಡುಗೆಮನೆ ಬೆನ್ನಿಗೇ ಬಚ್ಚಲು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಸಾವಿತ್ರಮ್ಮ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಹೌದು ಸಾರ್. ನೀವೇ ಅಲ್ವಾ ಈ ಮನೆ ನಕ್ಷೆ ಬರೆದೋರು? ಮೂಲೇಲಿ ನಿಮ್ಮ ಹೆಸರಿದೆ. ಆ ಪಕ್ಕದ ರೂಮಿಗೆ 'ದೇವರ ಮನೆ' ಅಂತ ಎಷ್ಟು ಮುದ್ದಾಗಿ ಬರೆದಿದೀರಿ!"

ಯಾರೂ ನಗಲಿಲ್ಲ, ವಿಮಲ ಮಾತ್ರ ಸೀದ ಪಾತ್ರೆ ಉಜ್ಜುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ಮುಖ ಹೇಗಿದ್ದಿರಬಹುದೆಂದು ಹಿಂದಿನಿಂದಲೇ ಊಹಿಸಿದೆ. ಆ ದಿನ ನಾನು ಮಾಡಿದ ಊಹೆಗಳಲ್ಲಿ ಪೂರ್ತಿ ಸರಿಯಾದದ್ದು ಅದೊಂದೇ.