ಪೋಸ್ಟ್ ಮಹತ್ತಯಾ ಬಾಯಿ ಬಿಡದ ದಿನ

ಶುಕ್ರವಾರ ಬೆಳಿಗ್ಗೆ ಮಾಗಿ ನೋನಾಳ ಚಹಾದಂಗಡಿಯಲ್ಲಿ, ಉಪಸೇನನ ಬಾಯಲ್ಲಿ ಅರ್ಧ ಬನ್ನು ಇದ್ದಾಗ ಆ ಪ್ರಶ್ನೆ ಬಂತು.

"ಹೇಳಿಬಿಡಿ ಪೋಸ್ಟ್ ಮಹತ್ತಯಾ. ಈ ಸಲ ಯಾರು?"

ಕೇಳಿದವನು ಮೀನು ಮಾರುವ ಜೂಲಿಯಸ್. ಅವನ ಹಿಂದೆ ಬೆಂಚಿನ ಮೇಲೆ ಇನ್ನೂ ಏಳೆಂಟು ಜನ ಚಹಾ ಹೀರುವುದನ್ನು ನಿಲ್ಲಿಸಿ ಕಾದರು. ಉತ್ತರ ಕೊಡೋಣವೆಂದರೆ ಅದು ಮೊಸಳೆ ಬನ್ನು. ಆಕಾರ ಮೊಸಳೆಯದು, ಮೈಮೇಲೆ ಸಕ್ಕರೆ. ಹಿಡಿದದ್ದನ್ನು ಬಿಡದ ಗುಣವೂ ಮೊಸಳೆಯದೇ. ಉಪಸೇನನ ದವಡೆ ಅದರ ವಶದಲ್ಲಿತ್ತು. ಅವನು ತಾಳಿ ಎಂದು ಸನ್ನೆ ಮಾಡಿ, ಉಸಿರು ಕಟ್ಟಿದಂತಾಗಿ, ಮುಂದಿದ್ದ ನೀರಿನ ಜಗ್ಗಿಗೆ ಕೈ ಚಾಚಿದ. ಜಗ್ಗು ಹಸಿರು ಬಣ್ಣದ್ದು.

"ನೋಡಿದ್ರಾ?" ಎಂದು ಮಾಗಿ ನೋನಾ ಪಿಸುಗುಟ್ಟಿದಳು. "ನಾಳೆ ವೋಟು. ಈ ಸಲ ಬಿಗಿ ಜಾಸ್ತಿ, ಯಾರೂ ಪ್ರಚಾರದ ಮಾತಾಡಂಗಿಲ್ಲ, ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ. ಮಹತ್ತಯಾ ಎಂಥಾ ಜಾಣರು! ಬಾಯಿ ಬಿಡಲೇ ಇಲ್ಲ, ಹಸಿರು ಪಕ್ಷ ಅಂತ ಜಗ್ಗು ಮುಟ್ಟಿ ತೋರಿಸಿಬಿಟ್ಟರು."

ಉಪಸೇನ ಬನ್ನು ನುಂಗಿ ತಲೆ ಎತ್ತುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು.

ಕಿತುಲ್‌ವತ್ತ ಎಂಬ ಆ ಊರಿನ ಅಂಚೆ ಕಚೇರಿಯಲ್ಲಿ ಅವನು ಕೂದಲು ಬೆಳ್ಳಗಾಗುವವರೆಗೆ ಕೂತಿದ್ದವನು. ನಿವೃತ್ತನಾದರೂ ಮಹತ್ತಯಾ ಎಂಬ ಗೌರವದ ಮಾತಿಗೆ ಅಂಟಿದ ಪೋಸ್ಟು ಉದುರಿರಲಿಲ್ಲ. ದೇಶದ ಅಧ್ಯಕ್ಷನನ್ನು ಆರಿಸುವ ಜನಾಧಿಪತಿ ಚುನಾವಣೆ ಬಂದಾಗಲೆಲ್ಲ, ಮತದಾನದ ಹಿಂದಿನ ದಿನ ಇದೇ ಅಂಗಡಿಯಲ್ಲಿ ಕೂತು ಗೆಲ್ಲುವವರು ಯಾರೆಂದು ಹೇಳುತ್ತಿದ್ದ. ಒಂದು ಸಲವೂ ತಪ್ಪಿರಲಿಲ್ಲ. ಅದಕ್ಕೆ ಅವನಲ್ಲಿ ಜ್ಯೋತಿಷ್ಯವೇನೂ ಇರಲಿಲ್ಲ. ಊರಿನ ಮುಖ ನೋಡಿದರೆ ನಾಡಿನ ಮನಸ್ಸು ತಿಳಿಯುತ್ತದೆ ಎಂದು ಅವನು ನಂಬಿದ್ದ, ಅಷ್ಟೇ. ಯಾರ ತೆಂಗಿನ ಮರದಲ್ಲಿ ಯಾವ ಬಾವುಟ, ಯಾರ ಮದುವೆಗೆ ಯಾವ ತಮ್ಮ ಹೋಗಲಿಲ್ಲ, ಯಾವ ಬಾವಿಯ ಹತ್ತಿರ ಹೆಂಗಸರು ಎರಡು ಗುಂಪಾಗಿ ನಿಂತರು, ಇವನ್ನೆಲ್ಲ ಸದ್ದಿಲ್ಲದೆ ನೋಡಿಕೊಂಡು ಬಂದು ಹೇಳುತ್ತಿದ್ದ.

ಈ ಸಲ ನೋಡಲು ಏನೂ ಇರಲಿಲ್ಲ. ಗ್ಯಾಸಿಗೆ, ಸೀಮೆಎಣ್ಣೆಗೆ, ಹಾಲಿನ ಪುಡಿಗೆ ಹಗಲೂ ರಾತ್ರಿ ಸಾಲು ನಿಂತ ಆ ಕಾಲ ಮುಗಿದ ಮೇಲೆ ಊರಿನ ಜನಕ್ಕೆ ಏನೋ ಆಗಿತ್ತು. ಬಾವುಟವಿಲ್ಲ, ಜಗಳವಿಲ್ಲ. ಹಸಿರಿನವರು ಕೊಟ್ಟ ಅನ್ನದ ಪೊಟ್ಟಣವನ್ನು ಕೆಂಪಿನವರ ಸಭೆಯಲ್ಲಿ ಕೂತು ಉಂಡರು, ಕೈಯನ್ನು ನೀಲಿಯವರ ಕರಪತ್ರಕ್ಕೆ ಒರೆಸಿಕೊಂಡರು. ಮಾಗಿ ನೋನಾ ಮೂವತ್ತು ವರ್ಷ ಗೋಡೆಯ ಮೇಲಿಟ್ಟಿದ್ದ ನಾಯಕರ ಪಟವನ್ನು ತೆಗೆದುಹಾಕಿದ್ದಳು. ಅಲ್ಲಿ ಬಿಳಿಚಿದ ಚೌಕವೊಂದು ಉಳಿದಿತ್ತು. "ಇನ್ಮುಂದೆ ಯಾರನ್ನ ಹಾಕ್ತೀಯ?" ಎಂದು ಉಪಸೇನ ಕೇಳಿದ್ದಕ್ಕೆ ಅವಳು, "ನೋಡೋಣ" ಎಂದಳು.

ಅದೊಂದು ಮಾತು ಅವನ ತಲೆ ತಿಂದುಹಾಕಿತ್ತು. ಕೊಡೆ ಕೇಳಿದವನಿಗೆ ನೋಡೋಣ ಎಂದರೆ ಇಲ್ಲ ಎಂದರ್ಥ. ಹೆಣ್ಣು ಕೇಳಲು ಬಂದವರಿಗೆ ನೋಡೋಣ ಎಂದರೆ ಮುಕ್ಕಾಲು ಪಾಲು ಹೂಂ. ವೋಟು ಕೇಳಿದವನಿಗೆ ಅಂದರೆ? ಒಂದು ತಿಂಗಳಿಂದ ಅವನು ಮನೆಮನೆ ಅಲೆದಿದ್ದ. ಎಲ್ಲರೂ ಚಹಾ ಕೊಟ್ಟರು, ಕಚ್ಚಿಕೊಳ್ಳಲು ಬೆಲ್ಲದ ಚೂರು ಕೊಟ್ಟರು, ಕೊನೆಗೆ ನೋಡೋಣ ಎಂದರು. ಆ ಮಾತಿನ ಹಿಂದೆ ಕೋಪವಿದೆಯೋ ಆಸೆಯಿದೆಯೋ ಸುಮ್ಮನೆ ದಣಿವೋ, ಅವನಿಗೆ ತಿಳಿಯಲಿಲ್ಲ. ತಿಳಿಯದೆ ಇರುವುದರಲ್ಲೂ ಒಂದು ಸ್ವಾರಸ್ಯವಿದೆ ಅನ್ನಿಸತೊಡಗಿತ್ತು. ಆದರೆ ಅದನ್ನು ಹೊರಗೆ ಹೇಳುವ ಹಾಗಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ಶೀಲಾವತಿ ಬಾಗಿಲಲ್ಲೇ ನಿಂತಿದ್ದಳು. "ಹಸಿರು ಅಂದ್ರಂತೆ?"

"ನಾನು ನೀರು ಕುಡಿದೆ ಕಣೇ."

"ಅದನ್ನೇ ಹೇಳ್ತಿದಾರೆ. ಹಸಿರು ಜಗ್ಗಲ್ಲಿ ಕುಡಿದ್ರಂತೆ."

ಅಷ್ಟರಲ್ಲಿ ಜೂಲಿಯಸ್‌ನ ಮೋಟಾರು ಸೈಕಲ್ಲು ಗೇಟಿನ ಮುಂದೆ ಕೆಮ್ಮಿ ನಿಂತಿತು. ಅವನ ಮುಖ ಐಸು ಕರಗಿದ ಮೀನಿನ ಹಾಗಿತ್ತು. "ಪೇಟೇಲೆಲ್ಲಾ ಕೆಂಪು ಅಂತಿದಾರೆ ಮಹತ್ತಯಾ. ನೀವು ನೋಡಿದ್ರೆ ಹಸಿರು ಅಂತೀರಿ. ನನಗೇನೂ ಪಕ್ಷ ಇಲ್ಲಪ್ಪ, ಆದ್ರೂ ಕೇಳ್ದೆ."

"ನಾನೇನೂ ಅಂದಿಲ್ಲ ಜೂಲಿಯಸ್. ಮೀನು ತೋರಿಸು."

ಜೂಲಿಯಸ್ ಬೂತಾಯಿ ಎತ್ತಿ ಹಿಡಿದ. ಅದರ ಕಣ್ಣು ಮಂಕಾಗಿತ್ತು. "ಇದು ಬೇಡ," ಎಂದು ಉಪಸೇನ ಡಬ್ಬಿಯ ಮೂಲೆಗೆ ಬೆರಳು ಮಾಡಿದ. "ಅದು ಕೊಡು, ಆ ಕೆಂಪಂದು."

ಜೂಲಿಯಸ್‌ನ ಮುಖ ಅರಳಿತು. ಎಂದೂ ಇಲ್ಲದ ಹಾಗೆ ಮೀನನ್ನು ತಾನೇ ಕ್ಲೀನು ಮಾಡಿ ಕೊಟ್ಟ. "ಕೆಂಪಂದು! ಅರ್ಥ ಆಯ್ತು ಬಿಡಿ ಮಹತ್ತಯಾ, ಅರ್ಥ ಆಯ್ತು." ಮೋಟಾರು ಸೈಕಲ್ಲು ಮಾರಾಟ ಮರೆತು ದಾರಿಯುದ್ದಕ್ಕೂ ಸುದ್ದಿ ಹಂಚುತ್ತ ಹೋಯಿತು.

ಮಧ್ಯಾಹ್ನ ಮರಣಾಧಾರ ಸಮಿತಿಯ ಅಧ್ಯಕ್ಷ ಹೀನ್‌ಬಂಡಾ ಹೇಳಿ ಕಳಿಸಿದ. ಊರಿನಲ್ಲಿ ಸಾವಾದರೆ ಕುರ್ಚಿ, ಟಾರ್ಪಾಲು, ಚಹಾದ ಹಂಡೆ ಎಲ್ಲ ಹೊರಡುವುದು ಆ ಸಮಿತಿಯಿಂದ. ಆದ್ದರಿಂದ ಬದುಕಿದ್ದವರು ಯಾರೂ ಹೀನ್‌ಬಂಡಾನ ಮಾತು ಮೀರುತ್ತಿರಲಿಲ್ಲ. ಬಿಸಿಲು ಜೋರಿತ್ತು. ಶೀಲಾವತಿ ತನ್ನ ಕೊಡೆ ಕೊಟ್ಟಳು. ನೀಲಿ ಕೊಡೆ. ಸಮಿತಿಯ ಕಟ್ಟಡಕ್ಕೆ ಹತ್ತು ಹೆಜ್ಜೆ ಇರುವಾಗ ಉಪಸೇನನಿಗೆ ಅದು ಹೊಳೆಯಿತು. ಥಟ್ಟನೆ ಮಡಚಿ ಬೆನ್ನ ಹಿಂದೆ ಹಿಡಿದ.

"ಮಡಚಿದ್ರು!" ಒಳಗಿನಿಂದ ಯಾರೋ ಕೂಗಿದರು. "ನೀಲಿ ಕತೆ ಮುಗೀತು!"

ಕಟ್ಟಡಕ್ಕೆ ನಾಲ್ಕು ಗೋಡೆಯಿದ್ದವು, ಚಾವಣಿ ಇರಲಿಲ್ಲ. ಹಿಂದೆ ಹೀನ್‌ಬಂಡಾನ ತಾಯಿಯ ಹೆಣವನ್ನು ಇಲ್ಲಿಟ್ಟಿದ್ದಾಗ ಮಳೆ ಬಂದು, ಅತ್ತವರು ಯಾರು ನೆನೆದವರು ಯಾರು ಎಂದು ಗುರುತು ಸಿಗದೆ ಹೋಗಿತ್ತು. ಹೀನ್‌ಬಂಡಾ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಮೇಲಿನ ಆಕಾಶ ತೋರಿಸಿದ.

"ಇದಕ್ಕೆ ತಗಡು ಬರಬೇಕು ಮಹತ್ತಯಾ. ರಸ್ತೆ ಹೇಗೆ ಬಂತು? ನಲ್ಲಿ ಹೇಗೆ ಬಂತು? ನಮ್ಮೂರು ಯಾವತ್ತೂ ಗೆದ್ದವರ ಕಡೆ ಅಂತ ಹೆಸರು. ಈ ಸಲ ತಪ್ಪಿದ್ರೆ ಮುಂದಿನ ಹೆಣಾನೂ ನೆನೀಬೇಕಾಗುತ್ತೆ. ಬೆಳಿಗ್ಗೆ ಹಸಿರು ಅಂದ್ರಿ, ಆಮೇಲೆ ಕೆಂಪು ಅಂದ್ರಿ. ಊರೇ ಗೊಂದಲದಲ್ಲಿದೆ. ಯಾರಿಗೆ ಹಾಕೋಣ, ಒಂದು ಮಾತು ಹೇಳಿ."

ಉಪಸೇನನಿಗೆ ಏನೋ ಸರಿ ಕಾಣಲಿಲ್ಲ. "ನಾನು ಹೇಳೋದು ಅಂದ್ರೇನು? ನೀವೆಲ್ಲ ಯಾರಿಗೆ ಹಾಕ್ತೀರಿ ಅಂತ ನೋಡ್ಕೊಂಡು ಬಂದು ತಾನೇ ನಾನು ಹೇಳ್ತಿದ್ದದ್ದು?"

"ನೀವು ಯಾರಂತ ಹೇಳ್ತೀರೋ ಕೇಳ್ಕೊಂಡು ತಾನೇ ನಾವು ಹಾಕ್ತಿದ್ದದ್ದು!"

ಗೋಡೆಯ ಮೇಲೆ ಕೂತಿದ್ದ ಕಾಗೆ ಇಬ್ಬರನ್ನೂ ಒಮ್ಮೆ ನೋಡಿತು.

"ಮತ್ತೆ ಆ ಬಾವುಟಗಳು?" ಉಪಸೇನ ಮೆಲ್ಲಗೆ ಕೇಳಿದ.

"ಬಾವುಟ ಯಾರು ಬೇಕಾದ್ರೂ ಕಟ್ತಾರೆ ಮಹತ್ತಯಾ. ವೋಟು ಹಾಕೋಕೆ ಮುಂಚೆ ನಿಮ್ಮನ್ನ ಕೇಳ್ತಿದ್ವಿ."

ಉಪಸೇನನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಕಿಟಕಿ ಎಂದುಕೊಂಡು ಅವನು ಇಣುಕಿ ನೋಡುತ್ತಿದ್ದದ್ದು ಕನ್ನಡಿಯನ್ನು. ಹಾಗಾದರೆ ಒಂದು ತಿಂಗಳಿಂದ ಮನೆಮನೆಯಲ್ಲೂ ಕೇಳಿದ ಆ ನೋಡೋಣದ ಗುಟ್ಟು ಇಷ್ಟೆಯೇ? ಪೋಸ್ಟ್ ಮಹತ್ತಯಾ ಏನಂತಾರೋ ನೋಡೋಣ. ಅಷ್ಟೇ.

ಅಲ್ಲ, ಪೂರ್ತಿ ಅಷ್ಟೇ ಅಲ್ಲ ಎಂದೂ ಅನ್ನಿಸಿತು. ಮೊದಲೆಲ್ಲ ಈ ಜನ ಒಂದು ಬಣ್ಣ ಹಿಡಿದುಕೊಂಡು, ಇವನ ಮಾತು ಕೇಳಿ ಅದನ್ನು ಬಿಡುತ್ತಿದ್ದರು. ಈ ಸಲ ಹಿಡಿದುಕೊಳ್ಳಲೇ ಇಲ್ಲ. ಸಾಲಿನಲ್ಲಿ ನಿಂತು ನಿಂತು ಯಾವ ಬಣ್ಣವೂ ತಮ್ಮದಲ್ಲ ಎಂದುಕೊಂಡಿದ್ದರು. ಹೊಸತೇನು ಹೇಳಿದರೂ ನಂಬಲು ಸಿದ್ಧರಾಗಿದ್ದರು. ಅದು ಅವನಿಗೆ ಭಯ ಹುಟ್ಟಿಸಿತು.

"ಸಂಜೆ ಅಂಗಡಿ ಹತ್ರ ಎಲ್ಲರನ್ನೂ ಸೇರಿಸು. ಇರೋದನ್ನ ಇದ್ದ ಹಾಗೆ ಹೇಳಿಬಿಡ್ತೀನಿ," ಎಂದು ಎದ್ದ.

ಸಂಜೆ ಮಾಗಿ ನೋನಾಳ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸೊಂಟದಲ್ಲಿ ಮಗು ಹೊತ್ತ ಹೆಂಗಸರು, ಸಾರಾಂಗ್ ಲುಂಗಿ ಎತ್ತಿ ಕಟ್ಟಿದ ಗಂಡಸರು. ಒಬ್ಬ ಪೊಲೀಸಿನವನೂ ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸಿ ಬೀಡಾ ಜಗಿಯುತ್ತ ನೋಡುತ್ತಿದ್ದ. ಉಪಸೇನ ಬೆಂಚಿನ ಮೇಲೆ ನಿಂತ. ಅವನ ಜೀವಮಾನದಲ್ಲೇ ಅತಿ ಕಷ್ಟದ ಮಾತನ್ನು ಆಡಬೇಕಿತ್ತು.

"ನನಗೆ ಗೊತ್ತಿಲ್ಲ," ಎಂದ.

ಯಾರೋ ಕಿಸಕ್ಕನೆ ನಕ್ಕರು. ಮಾಗಿ ನೋನಾ ಕಣ್ಣಿನಲ್ಲೇ ಪೊಲೀಸಿನವನ ಕಡೆ ತೋರಿಸಿ, ಅರ್ಥವಾಯಿತೆನ್ನುವಂತೆ ತಲೆಯಾಡಿಸಿದಳು.

"ನಿಜವಾಗ್ಲೂ ಗೊತ್ತಿಲ್ಲ. ನಿಮ್ಮ ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ."

"ಹೂಂ ಹೂಂ," ಎಂದು ಜೂಲಿಯಸ್ ತುಟಿಯ ಮೇಲೆ ಬೆರಳಿಟ್ಟುಕೊಂಡ. "ಬಾಯಲ್ಲಿ ಹೇಳಬೇಡಿ ಮಹತ್ತಯಾ."

ಉಪಸೇನನ ಹಣೆಯ ಬೆವರು ಕಣ್ಣಿಗಿಳಿಯಿತು. ಕನ್ನಡಕ ತೆಗೆದು, ಸಾರಾಂಗಿನ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡ. ಹೇಳಲು ಬೇರೇನೂ ಉಳಿದಿರಲಿಲ್ಲ.

"ನೋಡೋಣ," ಎಂದ.

ಗುಂಪಿನಲ್ಲಿ ಮುಖದಿಂದ ಮುಖಕ್ಕೆ ನಗೆಯೊಂದು ಸದ್ದಿಲ್ಲದೆ ಹರಿಯಿತು. ಯಾರೂ ಮರು ಪ್ರಶ್ನೆ ಕೇಳಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋದರು. ಉಪಸೇನನಿಗೆ ಎದೆ ತುಂಬಿ ಬಂತು. ಕೊನೆಗೂ ಜನ ಅರ್ಥ ಮಾಡಿಕೊಂಡರು.

ಮರುದಿನ ಬೌದ್ಧ ವಿಹಾರದ ಧರ್ಮಶಾಲೆಯಲ್ಲಿ ಮತದಾನ ನಡೆಯಿತು. ಮತಪತ್ರ ಸ್ನಾನದ ಟವೆಲಿನಷ್ಟು ಉದ್ದವಿತ್ತು. ಮೂರು ಮುಖ್ಯ ಬಣ್ಣಗಳನ್ನು ಬಿಟ್ಟರೆ, ಕೇಳರಿಯದ ಹೆಸರುಗಳು, ಕಂಡರಿಯದ ಚಿಹ್ನೆಗಳು. ಉಪಸೇನ ರಟ್ಟಿನ ಮರೆಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತ. ಯಾರೂ ಹೇಳಿಕೊಡದ ವೋಟನ್ನು ಅವನು ಹಾಕುತ್ತಿದ್ದದ್ದು ಅದೇ ಮೊದಲು ಅನ್ನಿಸಿತು. ಗುರುತು ಹಾಕಿ, ಕಿರುಬೆರಳಿನ ಶಾಯಿಯನ್ನು ಊದಿ ಆರಿಸಿಕೊಳ್ಳುತ್ತ ಮನೆಗೆ ಬಂದ.

ಫಲಿತಾಂಶ ಬಂದ ದಿನ ರೇಡಿಯೋ ಮುಂದೆ ಕೂತವನಿಗೆ ಒಳಗೊಳಗೇ ಖುಷಿಯಾಯಿತು. ಅವನ ವೋಟು ಗೆದ್ದವರಿಗೇ ಬಿದ್ದಿತ್ತು. ಅದನ್ನು ಹೆಂಡತಿಗೆ ಹೇಳೋಣವೆಂದು ತಿರುಗುವಷ್ಟರಲ್ಲಿ ಅಂಗಳದಲ್ಲಿ ಇಡೀ ಊರು ನಿಂತಿತ್ತು. ಮುಂದೆ ಹೀನ್‌ಬಂಡಾ.

"ಸೋತಿತಲ್ಲ ಮಹತ್ತಯಾ?"

"ಏನು ಸೋತಿತು?"

"ಕನ್ನಡಕ!"

ಉಪಸೇನ ಮೂಗು ಮುಟ್ಟಿ ನೋಡಿಕೊಂಡ. "ಯಾವ ಕನ್ನಡಕ?"

"ಗೊತ್ತಿಲ್ಲದವರ ಹಾಗೆ ಆಡಬೇಡಿ. ಮತಪತ್ರದ ಕೆಳಗಡೆ, ಯಾರೋ ಕ್ಯಾಂಡಿ ವಕೀಲನ ಗುರುತು. ಒರೆಸಿ ತೋರಿಸಿದ್ರಿ, ನೋಡೋಣ ಅಂತಾನೂ ಅಂದ್ರಿ. ಅವನ ಹೆಸರು ಯಾರೂ ಕೇಳಿರಲಿಲ್ಲ. ಆದ್ರೆ ಹೋದ ಸಲ ಯಾರೂ ಕೇಳದೆ ಇದ್ದ ಕೆಂಪಿನವರಿಗೆ ಈ ಸಲ ಮೈದಾನ ತುಂಬ್ತಿತ್ತಲ್ಲ, ಇದೂ ಹಂಗೇ ಇರಬೇಕು ಅಂದ್ಕೊಂಡ್ವಿ. ಊರಿಗೆ ಊರೇ ಹಾಕಿದೀವಿ."

"ನಾನೂ ಕನ್ನಡಕಕ್ಕೇ ಹಾಕಿದ್ದು," ಎಂದಳು ಶೀಲಾವತಿ ಅಡುಗೆಮನೆಯಿಂದ. "ಗಂಡನ ಮಾತಿಗೆ ಅಷ್ಟಾದರೂ ಮರ್ಯಾದೆ ಬೇಡ್ವಾ?"

ಉಪಸೇನ ಕುರ್ಚಿಯಲ್ಲೇ ಕುಸಿದ. "ಕ್ಷಮಿಸ್ರಪ್ಪ. ಎಲ್ಲಾ ನನ್ನ ತಪ್ಪು."

"ಛೆ ಛೆ, ನಿಮ್ಮ ತಪ್ಪಲ್ಲ!" ಹೀನ್‌ಬಂಡಾ ಗಟ್ಟಿಯಾಗಿ ಹೇಳಿದ. "ಊರು ಒಂದಾಗಿ ನಿಮ್ಮ ಮಾತು ನಡೆಸಿದ್ರೆ ಯಾವತ್ತೂ ಸೋತಿಲ್ಲ. ಈ ಸಲ ಒಬ್ಬ ಕೈ ಕೊಟ್ಟಿದಾನೆ. ನನ್ನ ಸೋದರಳಿಯ ಎಣಿಕೆ ಮೇಜಿನ ಹತ್ರಾನೇ ನಿಂತಿದ್ದ. ನಮ್ಮ ಪೆಟ್ಟಿಗೆ ಸುರಿದ್ರೆ ಬರೀ ಕನ್ನಡಕ, ಕನ್ನಡಕ, ಕನ್ನಡಕ. ಗೆದ್ದವರಿಗೆ ಒಂದೇ ಒಂದು ವೋಟು. ಅವನಿಂದ್ಲೇ ಅಪಶಕುನ ಆಗಿದ್ದು."

"ಆ ವೋಟು ಹಾಕಿದವನು ಸಿಕ್ಕಿದ್ರೆ..." ಎಂದ ಜೂಲಿಯಸ್‌ನ ಕೈಯಲ್ಲಿ ಮೀನು ಕತ್ತರಿಸುವ ಕತ್ತಿ ಇತ್ತು.

"ತಡಿಯೋ," ಎಂದ ಹೀನ್‌ಬಂಡಾ. "ಅವನು ಜೀವಂತ ಬೇಕು. ಗೆದ್ದವರ ಹತ್ರ ಕರ್ಕೊಂಡು ಹೋಗಿ, ನಮ್ಮೂರಲ್ಲೂ ನಿಮಗೆ ಹಾಕಿದವನಿದಾನೆ ಅಂತ ತೋರಿಸಿ ತಗಡು ಕೇಳೋಣ. ಕಾಲು ಮುರಿಯೋದು ಆಮೇಲೆ."

ಎಲ್ಲರಿಗೂ ಅದು ನ್ಯಾಯವೆನ್ನಿಸಿತು.

"ಯಾರು ಅಂತ ನೀವೇ ಹೇಳಬೇಕು ಮಹತ್ತಯಾ. ಜನರನ್ನ ಓದೋದು ಈ ಊರಲ್ಲಿ ಬೇರೆ ಯಾರಿಗೆ ಬರುತ್ತೆ? ಬಾಯಲ್ಲಿ ಹೇಳಬೇಡಿ, ಸುಮ್ನೆ ಅವನ ಕಡೆ ಒಂದ್ಸಲ ನೋಡಿ, ಸಾಕು."

ಉಪಸೇನ ಕಣ್ಣೆತ್ತಿದ. ಎಡಕ್ಕೆ ನೋಡಿದರೆ ಮಾಗಿ ನೋನಾ, ಬಲಕ್ಕೆ ನೋಡಿದರೆ ಜೂಲಿಯಸ್, ಎದುರಿಗೆ ನೋಡಿದರೆ ಹೀನ್‌ಬಂಡಾ. ಯಾರ ಮೇಲೆ ಕಣ್ಣು ಬಿದ್ದರೂ ಆ ಬಡಪಾಯಿಯ ಕತೆ ಮುಗಿದಂತೆ. ಪಾಪ ಬೇಡವೆಂದು ಅವನು ಮೆಲ್ಲಗೆ ತಲೆ ತಗ್ಗಿಸಿ ತನ್ನ ಕಾಲುಗಳನ್ನೇ ನೋಡುತ್ತ ಕೂತ.

ಇಡೀ ಊರು ಅವನ ನೋಟದ ಹಿಂದೆಯೇ ಕೆಳಗಿಳಿದು, ಆ ಎರಡು ಕಾಲುಗಳ ಮೇಲೆ ಬಂದು ನಿಂತಿತು.

"ಮಹತ್ತಯಾ..." ಎಂದ ಹೀನ್‌ಬಂಡಾ. "ನೀವಾ?"